ಗೆರೆ ಅಕ್ಕನ ಟಿವಿ ಗೇಮ್

ನಮ್ಮಕ್ಕ ಇಸ್ತ್ರಿ ಹಾಕಿದ ಪ್ಯಾಂಟಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದು ಎಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ತಮಾಷೆ ಮಾಡುತ್ತಿದ್ದರು. ಅದಕ್ಕೇ ಅಲ್ಲಿ ಅವಳಿಗೆ ಗೆರೆ ಅಕ್ಕ ಎಂದೇ ಹೆಸರು. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಸೂಪರ್‌ವೈಸರ್ ಕೂಡ ಹಾಗೇ ಕರೆಯುತ್ತಿದ್ದ. ಹದಿನೆಂಟನೇ ವಯಸ್ಸಿಗೆ ಹಬೆ ಇಸ್ತ್ರಿಯ ಮೇಜಿನ ಮುಂದೆ ನಿಂತವಳು ಐವತ್ತು ದಾಟುವವರೆಗೂ ಅಲ್ಲೇ ನಿಂತಳು. ನಿಂತಳು ಅಂದರೆ ನಿಂತೇ ಇದ್ದಳು. ಆ ವಿಭಾಗದಲ್ಲಿ ಸ್ಟೂಲು ಇಡುತ್ತಿರಲಿಲ್ಲ. ಕೂತರೆ ಕೈಗೆ ಬಲ ಬರುವುದಿಲ್ಲ ಎಂದು, ದಿನವಿಡೀ ಕೂತೇ ಕೆಲಸ ಮಾಡುವ ಮ್ಯಾನೇಜರು ಕಂಡುಹಿಡಿದಿದ್ದರಂತೆ.

ಈಗ ಅವಳು ನನ್ನ ಮನೆಯ ಮುಂದಿನ ಕೋಣೆಯಲ್ಲಿ ಮಲಗಿರುತ್ತಾಳೆ. ಮೊಣಕಾಲಿನ ಕೆಳಗೆ ನರಗಳು ಹಗ್ಗದ ಹಾಗೆ ಗಂಟುಗಂಟಾಗಿ ಎದ್ದಿವೆ. ಹಿಮ್ಮಡಿಯ ಹತ್ತಿರದ ಹುಣ್ಣು ಎರಡು ವರ್ಷದಿಂದ ಮಾಯುತ್ತಿಲ್ಲ. ನನ್ನ ಹೆಂಡತಿ ದಿನಾ ಅದನ್ನು ತೊಳೆದು ಬಟ್ಟೆ ಸುತ್ತುತ್ತಾಳೆ. ನಾನು ಆ ಹೊತ್ತಿಗೆ ಹೊರಗೆ ಹೋಗಿಬಿಡುತ್ತೇನೆ.

ಅಪ್ಪ ಇಲ್ಲದ ಮನೆ ನಮ್ಮದು. ಅಮ್ಮನಿಗೆ ಉಬ್ಬಸ. ಅಕ್ಕನ ಸಂಬಳದಲ್ಲೇ ಮೂರು ಹೊಟ್ಟೆ ನಡೆಯಬೇಕು. ಅದರಲ್ಲೂ ಅವಳು ಚೂರುಪಾರು ಉಳಿಸಿ ಒಂದು ಹೊಲಿಗೆ ಮಷಿನ್ನಿಗೆ ದುಡ್ಡು ಕೂಡಿಡುತ್ತಿದ್ದಳು. ಸಂಜೆ ಹೊತ್ತು ಪಕ್ಕದ ಬೀದಿಯ ಟೈಲರ್ ಹತ್ತಿರ ಹೋಗಿ ಕೆಲಸವನ್ನೂ ಕಲಿತಿದ್ದಳು. ಮನೆಯಲ್ಲೇ ಕೂತು ಹೊಲಿಯಬೇಕು, ಕೂತು ದುಡಿಯಬೇಕು, ಅವಳ ಆಸೆ ಅಷ್ಟೇ. ಆಗ ಅವಳಿಗೆ ಇಪ್ಪತ್ನಾಲ್ಕು, ನನಗೆ ಹದಿನಾರು.

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ವೆಲ್ಡಿಂಗ್ ಶೆಡ್ ಸೇರಿದ್ದೆ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಅಲ್ಲೇ ಇದೆ. ಆ ವರ್ಷ ನಮ್ಮ ಬೀದಿಗೆ ಟಿವಿ ಗೇಮ್ ಬಂತು. ಔಷಧಿ ಅಂಗಡಿಯವರ ಮನೆಯಲ್ಲಿ ಮೊದಲು ತಂದರು. ಅವರ ಕಿಟಕಿಯ ಸರಳು ಹಿಡಿದು ನಿಂತು ನೋಡುತ್ತಿದ್ದೆ. ಒಂದು ದಿನ ಆ ಮನೆಯ ಯಜಮಾನಿ, ಬೆಳಕಿಗೆ ಅಡ್ಡ ನಿಲ್ಲಬೇಡ, ಆಚೆ ಹೋಗು ಎಂದು ಕಿಟಕಿ ಹಾಕಿಕೊಂಡಳು. ನಾನು ಮನೆಗೆ ಬಂದು, ನನಗೂ ಅದು ಬೇಕು ಅಂದೆ. ಇಲ್ಲ ಅಂದಿದ್ದಕ್ಕೆ ಎರಡು ದಿನ ಮನೆ ಬಿಟ್ಟು ಹೋದೆ. ಹೋಗಿದ್ದೇನೂ ದೂರ ಅಲ್ಲ, ಬಸ್ ನಿಲ್ದಾಣದ ಬೆಂಚು. ಆದರೆ ಅಮ್ಮನ ಉಸಿರು ಮೇಲಕ್ಕೆ ಹತ್ತಿ ಕೆಳಗೆ ಇಳಿಯಲಿಲ್ಲವಂತೆ. ಮೂರನೇ ದಿನ ಅಕ್ಕ ಬಂದು ಕೈ ಹಿಡಿದು ನೇರ ಅಂಗಡಿಗೇ ಕರೆದುಕೊಂಡು ಹೋದಳು. ಹೊಲಿಗೆ ಮಷಿನ್ನಿನ ದುಡ್ಡಷ್ಟೂ ಅಲ್ಲಿ ಇಳಿಯಿತು. ಮನೆಯ ಹಳೇ ಟಿವಿಗೇ ಸಿಕ್ಕಿಸುವ ಪೆಟ್ಟಿಗೆ, ಎರಡು ರಿಮೋಟು, ಎರಡು ಕ್ಯಾಸೆಟ್ಟು. ದಾರಿಯುದ್ದಕ್ಕೂ ಪೆಟ್ಟಿಗೆ ಹೊತ್ತವಳು ಅವಳು. ನಾನು ಬಾಯಿ ಮುಚ್ಚಲಿಲ್ಲ.

ಒಂದು ಕ್ಯಾಸೆಟ್ಟು ಹೊಡೆದಾಟದ್ದು. ಅದು ನನ್ನದು. ಇನ್ನೊಂದನ್ನು ನಾನು ಮುಟ್ಟಲಿಲ್ಲ. ಅದರಲ್ಲಿ ಉಗುರಿನಷ್ಟು ಉದ್ದದ ಒಬ್ಬ ಮನುಷ್ಯ. ಕೆಳಗಿನಿಂದ ನೀರು ಏರುತ್ತಾ ಬರುತ್ತದೆ, ಅವನು ಏಣಿ ಮೇಲೆ ಏಣಿ ಹತ್ತಿ ಮಾಳಿಗೆ ಸೇರಬೇಕು. ಒಂದು ಮನೆ ಆದರೆ ಮತ್ತೊಂದು, ಒಟ್ಟು ಎಂಟು ಮನೆ. ಒಂದು ಭಾನುವಾರ ಬಟ್ಟೆ ಒಗೆದು ಬಂದ ಅಕ್ಕ, ಕೈ ಸೆರಗಿಗೆ ಒರೆಸಿಕೊಂಡು ರಿಮೋಟ್ ಹಿಡಿದಳು. ಮೊದಲ ಏಣಿಯಲ್ಲೇ ಮುಳುಗಿದಳು, ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆರು ತಿಂಗಳಲ್ಲಿ ಅವಳ ಮುಂದೆ ಆಡುವುದಕ್ಕೆ ಬೀದಿಯ ಹುಡುಗರು ಯಾರೂ ಬರುತ್ತಿರಲಿಲ್ಲ. ದಿನಕ್ಕೆ ನೂರಾರು ಪ್ಯಾಂಟು ತಿರುವಿದ ಕೈ ಅದು, ಎಲ್ಲಿ ಎಷ್ಟು ಒತ್ತಬೇಕೆಂದು ಅದಕ್ಕೆ ಗೊತ್ತಿತ್ತು. ಆಡುವಾಗ ಅವಳು ಕೂತಿರುತ್ತಿದ್ದಳು. ಅಮ್ಮ ಮಂಚದ ಮೇಲಿಂದ, ಇವಳು ಕೂತಿದ್ದನ್ನು ನೋಡಿ ಎಷ್ಟು ವರ್ಷ ಆಯ್ತೋ ಅನ್ನುತ್ತಿದ್ದಳು.

ಆಗಿನ ಪೆಟ್ಟಿಗೆಗಳಿಗೆ ನೆನಪು ಅನ್ನುವುದಿರಲಿಲ್ಲ. ನಡುವಿನ ಗುಂಡಿ ಒತ್ತಿದರೆ ಆಟ ಇದ್ದಲ್ಲೇ ನಿಲ್ಲುತ್ತಿತ್ತು ನಿಜ. ಆದರೆ ಕರೆಂಟು ತೆಗೆದರೆ ಎಲ್ಲ ಅಳಿಸಿಹೋಗಿ ಮತ್ತೆ ಮೊದಲನೇ ಮನೆಯಿಂದ ಹತ್ತಬೇಕು. ಒಂದು ಭಾನುವಾರ ಅಕ್ಕ ಎಂಟನೇ ಮನೆಯಲ್ಲಿದ್ದಾಗ ಫ್ಯಾಕ್ಟರಿಯಿಂದ ಹೇಳಿ ಕಳಿಸಿದರು, ಮಾಲು ಹೋಗಬೇಕು, ಎಲ್ಲರೂ ಡಬಲ್ ಶಿಫ್ಟ್. ಅವಳು ಆಟ ನಿಲ್ಲಿಸಿ, ಟಿವಿ ಮಾತ್ರ ಆರಿಸಿ, ಪೆಟ್ಟಿಗೆಯನ್ನು ಹಾಗೇ ಬಿಟ್ಟಳು. ಅಡಾಪ್ಟರು ಬಿಸಿಯಾಗುತ್ತದೆಂದು ಅದರ ಕೆಳಗೆ ಸ್ಟೀಲ್ ತಟ್ಟೆ ಇಟ್ಟಳು. ಪುಣ್ಯಕ್ಕೆ ಕರೆಂಟು ಹೋಗಲಿಲ್ಲ, ಸೋಮವಾರ, ಮಂಗಳವಾರ ಅದು ಹಾಗೇ ಕೆಂಪು ದೀಪ ಬಿಟ್ಟುಕೊಂಡು ಕೂತಿತ್ತು. ಅಕ್ಕ ಬರುತ್ತಾಳೆ, ಚಪ್ಪಲಿ ಬಿಡುವ ಮೊದಲೇ ತಟ್ಟೆ ಮುಟ್ಟಿ ನೋಡುತ್ತಾಳೆ, ಮಲಗುತ್ತಾಳೆ. ಆಡುವ ಶಕ್ತಿ ಎಲ್ಲಿಂದ ಬರಬೇಕು?

ಬುಧವಾರ ನಾನು ಶೆಡ್ಡಿನಲ್ಲಿ ಯಜಮಾನನ ಜೊತೆ ಜಗಳ ಆಡಿ, ಕೆಲಸ ಕಳೆದುಕೊಂಡು ಮನೆಗೆ ಬಂದೆ. ಯಾರನ್ನಾದರೂ ಹೊಡೆಯಬೇಕು ಅನ್ನಿಸುತ್ತಿತ್ತು. ಅಕ್ಕನ ಕ್ಯಾಸೆಟ್ಟು ಕಿತ್ತೆಸೆದು ನನ್ನ ಹೊಡೆದಾಟದ ಕ್ಯಾಸೆಟ್ಟು ಹಾಕಿದೆ. ಸಂಜೆ ಅವಳು ಬಂದು ಬಾಗಿಲಲ್ಲೇ ನಿಂತಳು. ಯಾಕೋ ತೆಗೆದೆ, ಅಂತ ಮಾತ್ರ ಕೇಳಿದಳು, ಅದೂ ಮೆತ್ತಗೆ. ನಾನು ತಿರುಗಿಯೂ ನೋಡದೆ ಹೇಳಿದೆ:

"ಇದರ ಬದಲು ಆವತ್ತೇ ಹೊಲಿಗೆ ಮಷಿನ್ ತಗೊಂಡಿದ್ರೆ ಮನೇಗೆ ನಾಲ್ಕು ಕಾಸಾದ್ರೂ ಬರ್ತಿತ್ತು. ಕತ್ತೆ ವಯಸ್ಸಾದ್ಮೇಲೆ ಆಟ ಆಡ್ತಾ ಕೂತಿದೀಯಲ್ಲ, ನಾಚಿಕೆ ಆಗಲ್ವ ನಿಂಗೆ?"

ಹೇಳಿದ್ದು ನಾನು. ಬಸ್ ನಿಲ್ದಾಣದ ಬೆಂಚಿನ ಮೇಲೆ ಮಲಗಿ ಆ ದುಡ್ಡು ಕಕ್ಕಿಸಿದವನು.

ಅಕ್ಕ ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟಳು. ಆಮೇಲೆ ಯಾವತ್ತೂ ರಿಮೋಟ್ ಮುಟ್ಟಲಿಲ್ಲ. ಹೊಲಿಗೆ ಮಷಿನ್ನಿನ ಮಾತನ್ನೂ ಎತ್ತಲಿಲ್ಲ. ಮುಂದೆ ಅಮ್ಮನ ಆಸ್ಪತ್ರೆ, ನನ್ನ ಸ್ವಂತ ಶೆಡ್ಡು, ನನ್ನ ಮದುವೆ, ಎಲ್ಲದಕ್ಕೂ ಅವಳ ದುಡ್ಡೇ ಬಂತು. ಶೆಡ್ಡಿನ ಬಾಗಿಲು ತೆರೆದ ದಿನ ಅವಳು ಬಂದವಳು ಗೋಡೆಗೆ ಒರಗಿ ನಿಂತೇ ಇದ್ದಳು, ಕುರ್ಚಿ ಹಾಕಿದರೂ ಕೂರಲಿಲ್ಲ. ಅಭ್ಯಾಸ ತಪ್ಪಿದೆ ಅಂದಳು. ಮೂವತ್ತು ವರ್ಷ ನಾನು ಕಾದಿದ್ದು ಒಂದೇ ಮಾತಿಗೆ. ಆ ಬುಧವಾರದ ಬಗ್ಗೆ ಅವಳು ಬಾಯಿ ಬಿಟ್ಟು, ಹೋಗ್ಲಿ ಬಿಡೋ ಅಂದುಬಿಟ್ಟರೆ ಸಾಕಿತ್ತು. ನಾನಾಗಿ ಕೇಳಲು ಮಾತ್ರ ನಾಲಿಗೆ ಏಳಲಿಲ್ಲ. ಬೈಯಲು ಎಲ್ಲಿಲ್ಲದ ಹಾಗೆ ಏಳುವ ನಾಲಿಗೆ ಇದು.

ಕಳೆದ ತಿಂಗಳು ಒಬ್ಬ ಹಲ್ಲಿನ ಡಾಕ್ಟರ ಮನೆಗೆ ಗೇಟು ಅಳೆಯಲು ಹೋಗಿದ್ದೆ. ಅವರ ಹಜಾರದ ಗಾಜಿನ ಬೀರುವಿನಲ್ಲಿ ಹಳೆಯ ಟಿವಿ ಗೇಮ್‌ಗಳನ್ನು ಸಾಲಾಗಿ ಜೋಡಿಸಿದ್ದರು. ಒಂದೊಂದಕ್ಕೂ ನನ್ನ ಒಂದು ಗೇಟಿನ ಬೆಲೆ ಕೊಟ್ಟು ತಂದಿದ್ದಂತೆ. ನನ್ನ ಗೇಟಿಗೆ ಮಾತ್ರ ಅರ್ಧ ಗಂಟೆ ಚೌಕಾಸಿ ಮಾಡಿದರು. ಆಗಿನ ಸುಖಾನೇ ಬೇರೆ ಅಲ್ವಾ ಮೇಸ್ತ್ರಿ, ಅಂದರು. ಯಾರಿಗೆ ಸುಖ ಸ್ವಾಮಿ, ಅನ್ನಬೇಕೆಂದಿದ್ದೆ. ಅದರ ಬದಲು, ನಮ್ಮ ಅಟ್ಟದ ಮೇಲೂ ಒಂದಿದೆ ಅಂದುಬಿಟ್ಟೆ.

ವಾರ ಬಿಟ್ಟು ಅದನ್ನು ತೆಗೆದುಕೊಂಡು ಹೋದೆ. ಡಾಕ್ಟರು ಹತ್ತಿಗೆ ಸ್ಪಿರಿಟ್ ಹಚ್ಚಿ, ಹಲ್ಲು ಉಜ್ಜಿದ ಹಾಗೇ ಕ್ಯಾಸೆಟ್ಟಿನ ಬಾಯಿ ಉಜ್ಜಿದರು. ಏಣಿಯ ಆಟ ಶುರುವಾಯಿತು. ಎಂಟನೇ ಮನೆ ತಲುಪೋದು ಬಹಳ ಕಷ್ಟ, ನಮ್ಮಕ್ಕ ತಲುಪಿದ್ದಳು ಅಂದೆ. ಅವರು ನಕ್ಕು, ಇದು ಕದ್ದು ನಕಲು ಮಾಡಿದ ಮಾಲು, ಅಗ್ಗದ ಚಿಪ್‌ನಲ್ಲಿ ಜಾಗ ಸಾಲದೆ ಕೊನೆಯ ಮಾಳಿಗೆಯನ್ನೇ ಹಾಕಿಲ್ಲ ಅಂದರು. ಒಂದು ಗಂಟೆ ಆಡಿ ತೋರಿಸಿಯೂ ತೋರಿಸಿದರು. ಎಂಟನೇ ಮನೆ, ಮೂರನೇ ಏಣಿ. ಮನುಷ್ಯ ಕಾಲೆತ್ತಿದ, ಚಿತ್ರ ಹಾಗೇ ನಿಂತುಹೋಯಿತು. ನೀರೂ ಏರಲಿಲ್ಲ, ಅವನೂ ಏರಲಿಲ್ಲ. ಯಾವ ಗುಂಡಿ ಒತ್ತಿದರೂ ಅಷ್ಟೇ.

ನನಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ನಾನು ಕಿತ್ತು ಹಾಕಿದ್ದರಿಂದ ಅವಳಿಗೆ ಏನೂ ತಪ್ಪಿಹೋಗಿರಲಿಲ್ಲ, ಅಲ್ಲಿ ಮುಂದೆ ಏನೂ ಇರಲೇ ಇಲ್ಲ. ಪೆಟ್ಟಿಗೆಯನ್ನು ಬಗಲಿಗೆ ಇಟ್ಟುಕೊಂಡು ಮಧ್ಯಾಹ್ನವೇ ಮನೆಗೆ ಓಡಿದೆ. ಹೆಂಡತಿ ಹೊರಗೆ ಹೋಗಿದ್ದಳು. ಅಕ್ಕ ಕಾಲಿನ ಕೆಳಗಿನ ದಿಂಬು ಜಾರಿದೆ ಅಂದಳು. ಸರಿ ಮಾಡುತ್ತಾ, ಒಂದೇ ಉಸಿರಿಗೆ ಎಲ್ಲ ಹೇಳಿದೆ.

"ಗೊತ್ತಿತ್ತು" ಅಂದಳು ಅಕ್ಕ.

ಏನು ಗೊತ್ತಿತ್ತು, ಅಂದೆ.

"ಅದಕ್ಕೂ ಮುಂಚೆ ಎರಡು ಸಲ ಹೋಗಿದ್ದೆ ಕಣೋ ಅಲ್ಲೀವರೆಗೆ. ಮೂರನೇ ಏಣೀಲಿ ನಿಂತೋಗ್ತಿತ್ತು. ಅದಕ್ಕೇ ಆ ಸಲ ಎರಡನೇ ಏಣೀಲೇ ನಿಲ್ಲಿಸಿದ್ದೆ."

ಮತ್ತೆ ಯಾಕೆ ಮೂರು ದಿನ ತಟ್ಟೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ, ಅಂತ ಕೇಳಿದೆ.

"ಫ್ಯಾಕ್ಟ್ರೀಲಿ ಇವತ್ತಿನ ರಾಶಿ ಮುಗಿಸಿದ್ರೆ ಬೆಳಿಗ್ಗೆ ಮತ್ತೆ ಅಷ್ಟೇ ರಾಶಿ ಬಿದ್ದಿರ್ತಿತ್ತು. ಮನೇಲೂ ಅಷ್ಟೇ. ಅದೊಂದು ನಾನು ಎಲ್ಲಿ ಬಿಟ್ಟಿದ್ನೋ ಅಲ್ಲೇ ಇರ್ತಿತ್ತು."

ಆಗಲಾದರೂ ಸುಮ್ಮನಿರಬೇಕಿತ್ತು. ನನಗೆ ಬೇಕಾದ ಮಾತು ಇನ್ನೂ ಬಂದಿರಲಿಲ್ಲವಲ್ಲ. ಆವತ್ತು ಬಾಯಿಗೆ ಬಂದಂಗೆ ಅಂದುಬಿಟ್ಟೆ ಅಕ್ಕ, ಅಂದೆ.

"ಇಲ್ಲ ಬಿಡು. ನೀನು ಅಂದಿದ್ದು ಸರೀನೇ ಇತ್ತು" ಅಂದಳು. ದನಿಯಲ್ಲಿ ಕೊಂಕಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಮಷಿನ್ನೇ ತಗೋಬೇಕಿತ್ತು ನಾನು. ಬೆಂಚಿನ ಮೇಲೆ ಇನ್ನೊಂದೆರಡು ದಿನ ಮಲಗಿದ್ರೆ ನೀನಾಗೇ ಬರ್ತಿದ್ದೆ. ನಿನ್ನ ಹಟಕ್ಕೆ ಬಗ್ಗಬಾರದಿತ್ತು. ದಿನಾ ಈ ಕಾಲು ನೋಡ್ಕೊಂಡು ಅದೇ ಅಂದ್ಕೋತೀನಿ."

ಆಮೇಲೆ, ದಿಂಬು ಸರಿಯಾಯ್ತು, ಹೋಗು, ನಿನ್ನ ಕೆಲಸದವರು ಕಾಯ್ತಿರ್ತಾರೆ ಅಂದು ಗೋಡೆಯ ಕಡೆ ಮುಖ ಮಾಡಿದಳು.

ನಾನು ಶೆಡ್ಡಿಗೆ ಹೋಗಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೂತೆ. ಫೋನು ಎರಡು ಸಲ ಬಡಿದುಕೊಂಡು ನಿಂತಿತು. ಮೂರನೇ ಸಲ ಎತ್ತಿದೆ. ಇಪ್ಪತ್ತು ವರ್ಷದಿಂದ ನನ್ನ ಬೈಗುಳ ತಿಂದುಕೊಂಡೇ ದುಡಿಯುತ್ತಿರುವ ನನ್ನ ಫಿಟ್ಟರ್ ಮಾತಾಡಿದ. ಡಾಕ್ಟರ ಗೇಟಿನ ಕೀಲುಗಳನ್ನು ಉಲ್ಟಾ ಬೆಸೆದುಬಿಟ್ಟಿದ್ದೇನೆ, ಒಂದು ದಿನದ ಕೆಲಸ ಹಾಳಾಯಿತು ಅಂದ. ಆಗಲಿ, ಕತ್ತರಿಸಿ ಮತ್ತೆ ಹಾಕು ಅಂದೆ. ಅವನು ಬೈಗುಳಕ್ಕೆ ಕಾಯುತ್ತಾ ಇದ್ದ. ಅದು ಬರದಿದ್ದಾಗ ಗಾಬರಿಯಾಗಿ, ಮೈ ಹುಷಾರಿಲ್ವಾ ಅಣ್ಣ, ಅಂತ ಕೇಳಿದ.