ಕೊನೆಯ ಗುಂಡಿನ ದನಿ

ಆ ಆಟದಲ್ಲಿ ಪಿಸ್ತೂಲಿಗೆ ಎಂಟು ಗುಂಡು. ಎಷ್ಟು ಉಳಿದಿವೆ ಎಂದು ಪರದೆಯ ಮೂಲೆಯಲ್ಲಿ ಅಂಕಿ ತೋರಿಸುವ ಆಟಗಳೇ ಹೆಚ್ಚು, ಇದು ತೋರಿಸುವುದಿಲ್ಲ. ತಿಳಿಯಬೇಕಾದರೆ ಮ್ಯಾಗಜೀನನ್ನು ಹೊರಗೆಳೆದು ಕಣ್ಣಾರೆ ನೋಡಬೇಕು. ನೋಡುತ್ತಿರುವಷ್ಟು ಹೊತ್ತು ಕೈಯಲ್ಲಿರುವುದು ಪಿಸ್ತೂಲಲ್ಲ, ಬರೀ ಕಬ್ಬಿಣ. ಅಷ್ಟರಲ್ಲಿ ಅದು ಬಂದುಬಿಡುತ್ತದೆ.

ಅದು ಎಂದರೆ ಏನೆಂದು ಆಟ ಎಲ್ಲೂ ಹೇಳುವುದಿಲ್ಲ. ಉದ್ದ ಕೈಗಳು, ನೆಲಕ್ಕೆ ಹೊಟ್ಟೆ ಎಳೆದುಕೊಂಡು ಬರುವ ನಡಿಗೆ, ಕಣ್ಣಿರಬೇಕಾದ ಜಾಗದಲ್ಲಿ ಬರೀ ಚರ್ಮ. ಅದು ಕಿವಿಯಿಂದಲೇ ಬೇಟೆಯಾಡುತ್ತದೆ. ಗುಂಡು ಹಾರಿಸಿದರೆ ಒಂದು ಸಾಯಬಹುದು, ಆದರೆ ಸದ್ದಿಗೆ ಇನ್ನೆರಡು ಹೊರಡುತ್ತವೆ. ಹಾಗಾಗಿ ಆಡುವವನೂ ಕಿವಿಯಲ್ಲೇ ಬದುಕಬೇಕು. ನನಗೆ ಈ ಆಟ ಹಿಡಿಸಿದ್ದು ಅದಕ್ಕೇ. ಕಿವಿಯ ವಿಷಯದಲ್ಲಿ ನಮ್ಮ ಕೊಯಮತ್ತೂರು ಸೀಮೆಯ ಕರುಮತ್ತಂಪಟ್ಟಿಯಿಂದ ಸೋಮನೂರಿನ ತನಕ ನನ್ನನ್ನು ಮೀರಿಸುವವರಿಲ್ಲ ಎಂದು ನಾನೇ ನನಗೆ ಬಿರುದು ಕೊಟ್ಟುಕೊಂಡಿದ್ದೆ. ಆ ಬಿರುದನ್ನು ಕಿತ್ತುಕೊಂಡದ್ದೂ ಈ ಆಟವೇ.

ನನಗೆ ಒಂದು ಚಟವಿದೆ: ಯಾರ ದನಿ ಕೇಳಿದರೂ ಮಾಡಿ ತೋರಿಸುವುದು. ಕಿಣತ್ತುಕಡವು ಬಸ್ಸಿನ ಕಂಡಕ್ಟರ್ ಮೂಗಿನಲ್ಲಿ ಊರುಗಳ ಹೆಸರು ಹೇಳುವುದು, ನೂಲಿನ ಏಜೆಂಟು ಸುಳ್ಳು ಹೇಳುವ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು, ಅಪ್ಪ ಸೀನಿದ ಮೇಲೆ ದೇವರನ್ನು ಬೈಯುವುದು. ತಲೆಮಾರುಗಳ ಹಿಂದೆ ಇತ್ತ ಬಂದು ನೆಲೆಸಿದ ಕನ್ನಡದ ನಮ್ಮವರ ಮದುವೆಗಳಲ್ಲಿ ಊಟ ಮುಗಿದ ಮೇಲೆ ಮೈಕು ನನ್ನ ಕೈಗೆ ಬರುತ್ತದೆ. ವರನ ಕಡೆಯವರನ್ನು ಆಡಿಕೊಂಡರೆ ವಧುವಿನ ಕಡೆಯವರು ನಗುತ್ತಾರೆ, ಇವರನ್ನು ಆಡಿಕೊಂಡರೆ ಅವರು. ಇಬ್ಬರೂ ಮುನಿಸಿಕೊಂಡಂತೆ ಕಂಡರೆ ನನ್ನನ್ನೇ ಆಡಿಕೊಳ್ಳುತ್ತೇನೆ. ನನ್ನ ಹಲ್ಲು ನೋಡಿ ಯಾರೂ ಹೆಣ್ಣು ಕೊಡುವುದಿಲ್ಲ, ದನಿ ಕೇಳಿಯಾದರೂ ಕೊಡಲಿ ಎಂಬುದು ಅಮ್ಮನ ಆಸೆ. ಗಂಟಲು ಊರವರಿಗೆ ಬಾಡಿಗೆಗೆ ಕೊಟ್ಟದ್ದು. ಕಿವಿ ಮಾತ್ರ ನನ್ನ ಸ್ವಂತದ್ದು ಎಂದುಕೊಂಡಿದ್ದೆ.

ಉಳಿದ ಹೊತ್ತೆಲ್ಲ ನಾನು ನೇಕಾರ. ಮನೆಗೆ ಅಂಟಿಕೊಂಡಂತೆ ಸಿಮೆಂಟ್ ಶೀಟಿನ ಷೆಡ್ಡು, ಒಳಗೆ ಪವರ್‌ಲೂಮುಗಳು. ನನ್ನದು ಕೊನೆಯ ಸಾಲು. ಎಡಕ್ಕೆ ಮಗ್ಗ, ಬಲಕ್ಕೆ ಗೋಡೆ. ಅಲ್ಲಿ ಯಾರೂ ಮಾತಾಡುವುದಿಲ್ಲ, ಕೂಗುತ್ತಾರೆ; ಕೂಗಿದರೂ ಕೇಳದಿದ್ದಾಗ ಕೈ ಬೀಸುತ್ತಾರೆ. ನಮ್ಮ ಬೀದಿಯಲ್ಲಿ ತೊಟ್ಟಿಲ ಮಕ್ಕಳು ಮಗ್ಗದ ಸದ್ದಿಗೆ ನಿದ್ದೆ ಹೋಗುತ್ತವೆ, ಸದ್ದು ನಿಂತರೆ ಬೆಚ್ಚಿ ಎದ್ದು ಅಳುತ್ತವೆ. ಬೇರೆ ಊರಿನವರಿಗೆ ಸದ್ದು ಭಯ. ನಮಗೆ ಮೌನ.

ಆ ಮೌನ ತಿಂಗಳಿಗೊಮ್ಮೆ ಬರುತ್ತದೆ. ಲೈನ್ ರಿಪೇರಿಗೆಂದು ಹಗಲೆಲ್ಲ ಕರೆಂಟು ತೆಗೆಯುವ ಶಟ್‌ಡೌನ್ ದಿನ. ಅವತ್ತು ಕಾಗೆ ಕೂಗುವುದು ಕೇಳಿಸುತ್ತದೆ, ಪಕ್ಕದ ಮನೆಯವರ ಜಗಳ ಅಕ್ಷರ ಅಕ್ಷರ ಕೇಳಿಸುತ್ತದೆ. ಅಪ್ಪ ಜಗುಲಿಯಲ್ಲಿ ಕೂತು, ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ಮೊಣಕಾಲು ತಿಕ್ಕುತ್ತಿರುತ್ತಾರೆ. ಕಿವಿಯಿಂದ ಆಡಬೇಕಾದ ಆಟವನ್ನು ನಮ್ಮ ಮನೆಯಲ್ಲಿ ಆಡಲು ಸಾಧ್ಯವಿದ್ದದ್ದು ಆ ಒಂದು ದಿನ ಮಾತ್ರ, ಅದೂ ಲ್ಯಾಪ್‌ಟಾಪಿನ ಬ್ಯಾಟರಿ ಇರುವ ತನಕ.

ಲ್ಯಾಪ್‌ಟಾಪು ಅತ್ತೆಯ ಮಗಳದು. ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಆರ್ಡರುಗಳನ್ನು ನೋಡಿಕೊಳ್ಳುವವಳು. ನನಗಿಂತ ಒಂದು ವರ್ಷಕ್ಕೆ ದೊಡ್ಡವಳು, ಮಾತಿನಲ್ಲಿ ಹತ್ತು ವರ್ಷಕ್ಕೆ. ಶಟ್‌ಡೌನ್ ದಿನಗಳಲ್ಲಿ ಅದನ್ನು ನನಗೆ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದಳು; ಆ ಸಲ ಅವಳಿಗೂ ರಜೆ. ಒಳಕೋಣೆಯಲ್ಲಿ ಚಾಪೆ ಹಾಸಿ, ಬ್ಯಾಟರಿ ಉಳಿಸಲು ಪರದೆಯ ಬೆಳಕು ತಗ್ಗಿಸಿ ಕೂತೆವು. ಮೊದಲೇ ಕತ್ತಲೆಯ ಆಟ. ಬೆಳಕು ತಗ್ಗಿಸಿದ ಮೇಲೆ ಪಿಸ್ತೂಲಿನ ತುದಿ ಬಿಟ್ಟು ಏನೂ ಕಾಣದು. ಇಯರ್‌ಫೋನು ಒಂದೇ. ಬಲದ ತುದಿ ಅವಳ ಕಿವಿಗೆ, ಎಡದ್ದು ನನ್ನ ಎಡಗಿವಿಗೆ.

ಬೆಟ್ಟದ ಮೇಲಿನ ಪಾಳುಬಿದ್ದ ಆಸ್ಪತ್ರೆ. ನೆಲಮಾಳಿಗೆಯಲ್ಲಿ ಮೊಣಕಾಲುದ್ದ ನೀರು. ನನ್ನ ಬಳಿ ಎರಡು ಮ್ಯಾಗಜೀನು. ಅವನ್ನು ತುಂಬಲು ಬೀರುವಿನ ಹಿಂದೆ ಅಡಗಿ ಒಂದೊಂದೇ ಗುಂಡನ್ನು ಹೆಬ್ಬೆರಳಿನಲ್ಲಿ ಒತ್ತಬೇಕಾಗಿತ್ತು. ಒಂದು ಗುಂಡಿಗೆ ಒಂದು ಕಟಕ್. ಆ ಕಟಕ್ಕೂ ಅದಕ್ಕೆ ಕೇಳಿಸುತ್ತದೆ. ನೀರಿನಲ್ಲಿ ಸಿಕ್ಕ ಗುಂಡುಗಳನ್ನು ನಂಬುವಂತಿಲ್ಲ. ತೇವ ಹಿಡಿದದ್ದು ಸಿಡಿಯದೆ ಒಳಗೇ ಕಚ್ಚಿಕೊಂಡರೆ ಪಿಸ್ತೂಲಿನ ಮೇಲ್ಭಾಗವನ್ನು ಎಳೆದು ಅದನ್ನು ಹೊರಗೆ ಬೀಳಿಸಬೇಕು. ಒಂದೊಂದು ಗುಂಡು ತುಂಬುವಾಗಲೂ ನಾನು ಉಸಿರು ಹಿಡಿಯುತ್ತಿದ್ದೆ, ಪಕ್ಕದಲ್ಲಿ ಅವಳೂ.

ಮೊದಲನೆಯದು ಮೆಟ್ಟಿಲ ಕೆಳಗಿನಿಂದ ಬಂತು. ಮೂರು ಗುಂಡು ಹಾರಿಸಿದೆ. ಅದು ನೀರಿಗೆ ಬಿತ್ತು. ಮರುಕ್ಷಣ ನನ್ನ ಬೆರಳು ತಾನಾಗಿಯೇ ಹೋಗಿ ಮ್ಯಾಗಜೀನು ಬದಲಿಸಿಬಿಟ್ಟಿತು.

"ಏನ್ ಡಾ ಮಾಡ್ದೆ?" ಅವಳು ಕಿರುಚಿದಳು. "ಅದ್ರಲ್ಲಿ ಇನ್ನೂ ಐದು ಇತ್ತು!"

ಈ ಆಟದಲ್ಲಿ ಅವಸರಕ್ಕೆ ಬದಲಿಸಿದರೆ ಹಳೆಯ ಮ್ಯಾಗಜೀನು ಒಳಗಿನ ಗುಂಡುಗಳ ಸಮೇತ ಕೈಜಾರಿ ನೆಲಕ್ಕೆ ಬೀಳುತ್ತದೆ. ನೆಲವೆಂದರೆ ಇಲ್ಲಿ ಕಪ್ಪು ನೀರು. ಬೇರೆಯವರು ಇಂಥ ತಪ್ಪನ್ನು ಒಂದು ಸಲ ಮಾಡಿ ಕಲಿಯುತ್ತಾರೆ. ನಾನು ಕಲಿಯುವಂತಿರಲಿಲ್ಲ, ಏಕೆಂದರೆ ಕೈ ಬೇರೆಯದನ್ನು ಮೊದಲೇ ಕಲಿತುಬಿಟ್ಟಿತ್ತು. ಲಾಳಿಯೊಳಗಿನ ಕಂಡಿಕೆಯಲ್ಲಿ, ಅಂದರೆ ನೂಲು ಸುತ್ತಿದ ಕೊಳವೆಯಲ್ಲಿ, ನೂಲು ಪೂರ್ತಿ ತೀರಲು ಬಿಡುವವನು ನೇಕಾರನಲ್ಲ. ತೀರಿದರೆ ಬಟ್ಟೆಗೆ ಅಡ್ಡಲಾಗಿ ಬಿರುಕಿನಂಥ ಗೆರೆ ಬೀಳುತ್ತದೆ, ಆ ಬಟ್ಟೆಯನ್ನು ಯಾರೂ ಮುಟ್ಟರು. ಹಾಗಾಗಿ ಇನ್ನೂ ಕೆಲವು ಸುತ್ತು ನೂಲಿರುವಾಗಲೇ ಮಗ್ಗ ನಿಲ್ಲಿಸಿ ಹೊಸ ಕಂಡಿಕೆ ಹಾಕುತ್ತೇವೆ.

"ಕೈ ಹೋಗ್ಬುಡ್ತು," ಎಂದೆ.

"ಹೋಯ್ತದೆ, ಹೋಯ್ತದೆ. ಇಲ್ಲೇನ್ ಲುಂಗಿ ನೇಯ್ತಾ ಇದ್ದೀಯಾ? ದೆವ್ವಕ್ಕೆ ಒಂದು, ನಿಂಗೊಂದು?"

ಜಗುಲಿಯಿಂದ ಅಪ್ಪನ ದನಿ, ಮಗ್ಗ ಓಡುತ್ತಿದೆ ಎಂಬಷ್ಟೇ ಎತ್ತರದಲ್ಲಿ: "ತೀರೋಕ್ ಮುಂಚೇನೇ ಬದ್ಲಿಸ್ಬೇಕು! ಅವನ್ ಮಾಡಿದ್ದೇ ಸರಿ!"

"ಮಾವ, ನೀವ್ ಸುಮ್ನಿರಿ! ಇದು ತುಪಾಕಿ!"

ಉಳಿದದ್ದು ಎಂಟು. ನಗುತ್ತಲೇ ಮುಂದೆ ಹೋದೆವು. ನಾನು ಅಪ್ಪನ ದನಿಯಲ್ಲಿ ಆ ಜೀವಕ್ಕೆ ಬೈದೆ. ನೂಲಿನ ಏಜೆಂಟನ ದನಿಯಲ್ಲಿ, ಗುಂಡಿನ ಸ್ಟಾಕು ಬರಲಿಲ್ಲ ಎಂದು ಅದಕ್ಕೆ ಕೈ ಮುಗಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಉದ್ದನೆಯ ಓಣಿಯಲ್ಲಿ ಎರಡು ಎದುರಾದವು. ಹಾರಿಸಿದೆ, ಹಾರಿಸಿದೆ. ಒಂದು ಗುಂಡು ಕಚ್ಚಿಕೊಂಡಿತು, ಎಳೆದು ಬೀಳಿಸಿದೆ, ಮತ್ತೆ ಹಾರಿಸಿದೆ. ಗಾಬರಿಯಲ್ಲಿ ಲೆಕ್ಕ ತಪ್ಪಿತು.

"ಸಾಕು, ನಿಲ್ಸು," ಎಂದಳು. "ಇನ್ನೆರಡೇ ಇರೋದು."

"ನಿಂಗೆಂಗ್ ಗೊತ್ತು?"

"ಟಿಣ್ ಅಂತಲ್ಲ."

"ಯಾವ ಟಿಣ್?"

"ತೀರ್ತಾ ಬಂದಾಗ ಸದ್ದಿನ್ ಬಾಲದಲ್ಲಿ ಬರುತ್ತಲ್ಲ ಡಾ, ಬೆಳ್ಳಿ ಲೋಟ ತಟ್ಟಿದಂಗೆ. ಈ ಆಟದಲ್ಲಿ ಲೆಕ್ಕಕ್ಕೆ ಇರೋದೇ ಅದು. ಇಷ್ಟ್ ದಿನ ಹೆಂಗ್ ಆಡ್ದೆ?"

ಇಷ್ಟು ದಿನ ಗುಂಡು ತೀರಿ ಸತ್ತಿದ್ದೆ, ಹಾಗೆ ಆಡಿದ್ದೆ. ಆಟ ಕಷ್ಟದ್ದು ಎಂದುಕೊಂಡಿದ್ದೆ.

"ಟಿಣ್ ಇಲ್ಲ, ಟೊಣ್ ಇಲ್ಲ," ಎಂದೆ.

"ನಾಟ್ಕ ಆಡ್ಬೇಡ."

ಎಲ್ಲರನ್ನೂ ಆಡಿಕೊಳ್ಳುವವನ ಪಾಡು ಇದು. ಅವನು ನಿಜ ಹೇಳಿದರೆ ಯಾರ ದನಿ ಮಾಡುತ್ತಿದ್ದಾನೆ ಎಂದು ಕೇಳುತ್ತಾರೆ. ಅವಳಿಗೆ ತೋರಿಸಲೆಂದೇ ಇನ್ನೊಂದು ಗುಂಡನ್ನು ಗೋಡೆಗೆ ಹಾರಿಸಿದೆ. ಢಂ ಎಂದಿತು. ಆಮೇಲೆ ನನಗೆ ಏನೂ ಇಲ್ಲ. ಅವಳು ತಲೆಯಾಡಿಸಿ "ಹಾಂ, ಅದೇ" ಎಂದಳು.

ಆಮೇಲೆ ಅವಳ ಉಗುರು ನನ್ನ ತೋಳಿಗೆ ಇಳಿಯಿತು. "ಬಂತು. ಎಡಕ್ಕೆ ತಿರುಗು."

ನಾನು ಕಿವಿಗೊಟ್ಟೆ. ನೀರು ತೊಟ್ಟಿಕ್ಕುವುದೂ ಇಲ್ಲ, ಉಗುರು ಗೀರುವುದೂ ಇಲ್ಲ.

"ತಿರುಗು ಡಾ! ಗೀರ್ತಾ ಇದೆ, ನನ್ ಕಡೇನೇ ಇಷ್ಟು ಕೇಳ್ತಾ ಇದೆ, ನಿನ್ ಕಡೆ ಜೋರಾಗಿರ್ಬೇಕು!"

ಅಷ್ಟು ದಿನ ಆ ಆಟದಲ್ಲಿ ನನ್ನನ್ನು ಹೆದರಿಸಿದ್ದು ಕೇಳಿಸಿದ ಸದ್ದುಗಳು. ಕೇಳಿಸದ ಸದ್ದಿಗೆ ಹೆದರಿದ್ದು ಅವತ್ತೇ ಮೊದಲು. ನಾನು ತಿರುಗುವ ಮುಂಚೆ ಪರದೆಯ ಎಡದಿಂದ ಉದ್ದನೆಯ ಕೈಯೊಂದು ಬಂತು. ಒಂದು ಗುಂಡು ಪಿಸ್ತೂಲಿನಲ್ಲೇ ಉಳಿಯಿತು.

ಅವಳು ನಗಲು ಬಾಯಿ ತೆರೆದವಳು ನನ್ನ ಮುಖ ನೋಡಿ ನಿಲ್ಲಿಸಿದಳು. "ಆ ಕಡೆ ವಯರ್ ಹೋಗಿರ್ಬೇಕು," ಎಂದೆ. ಎಡದ ತುದಿಯನ್ನು ಕಿತ್ತು ಅವಳ ಕಿವಿಗಿಟ್ಟೆ. ಓಣಿಯ ಆ ಜಾಗಕ್ಕೆ ಮತ್ತೆ ಹೋದೆವು. "ಚೆನ್ನಾಗೇ ಕೇಳ್ತಾ ಇದೆ," ಎಂದಳು ಮೆಲ್ಲಗೆ. ಅದೇ ತುದಿಯನ್ನು ನನ್ನ ಬಲಗಿವಿಗೆ ಇಟ್ಟುಕೊಂಡೆ. ಸಿಮೆಂಟಿನ ಮೇಲೆ ಉಗುರು ಗೀರುವ ಸದ್ದು ಬಂತು, ಮೈ ಜುಮ್ಮೆನ್ನುವಷ್ಟು ಹತ್ತಿರ. ಎಡಗಿವಿಗೆ ಬದಲಿಸಿದೆ. ಹತ್ತಿಯ ಮೂಟೆಯೊಳಗೆ ತಲೆಯಿಟ್ಟಂತೆ. ಮತ್ತೆ ಬಲ. ಮತ್ತೆ ಎಡ. ಪರದೆಯ ಮೇಲೆ ಅದು ಬರುತ್ತಲೇ ಇತ್ತು. ನಾನು ಓಡಲಿಲ್ಲ, ಗುಂಡೂ ಹಾರಿಸಲಿಲ್ಲ.

ಸಂಜೆ ಕರೆಂಟು ಬಂತು, ಮಗ್ಗಗಳು ಎದ್ದವು. ನನ್ನ ಸಾಲಿನಲ್ಲಿ ನಿಂತೆ. ಲಾಳಿ ದಾರಿ ತಪ್ಪಿ ಹಾರುವ ಮುಂಚೆ ಮಗ್ಗದ ಬಡಿತದಲ್ಲಿ ಒಂದು ಸಣ್ಣ ಬಿರುಸು ಕೇಳುತ್ತದೆ. ಅದನ್ನು ಕೇಳಿಯೇ ನಾವು ಪಕ್ಕಕ್ಕೆ ಸರಿಯುವುದು. ಹಾರಿದ ಲಾಳಿಯ ಮೂತಿಯಲ್ಲಿ ಕಬ್ಬಿಣವಿರುತ್ತದೆ, ಅದೂ ಗುಂಡಿನ ಜಾತಿಯದೇ. ಅವತ್ತು ಕತ್ತನ್ನು ಕೊಕ್ಕರೆಯಂತೆ ಆ ಕಡೆ ಈ ಕಡೆ ತಿರುಗಿಸುತ್ತಾ, ಬಲಗಿವಿಯನ್ನು ಎಲ್ಲ ಮಗ್ಗಗಳಿಗೂ ಹಂಚುತ್ತಾ ಕೆಲಸ ಮಾಡಿದೆ.

ಅಪ್ಪನಿಗೆ ಹೇಳಿದೆ. ಅವರು ಬೀಡಿ ಹಚ್ಚಿ, "ನೇಕಾರನ್ ಕಿವಿ ಅಂದ್ರೆ ಹಂಗೇನೇ. ನಾನ್ ಯಾಕೆ ಕೂಗಿ ಮಾತಾಡ್ತೀನಿ ಅಂದ್ಕೊಂಡೆ?" ಎಂದರು.

ಅಪ್ಪನ ಕೂಗನ್ನು ನಾನು ಎಷ್ಟು ಮದುವೆಗಳಲ್ಲಿ ಮೈಕಿನ ಮುಂದೆ ಮಾಡಿದ್ದೇನೋ. ಅತಿ ಹೆಚ್ಚು ಚಪ್ಪಾಳೆ ಬೀಳುತ್ತಿದ್ದದ್ದು ಅದಕ್ಕೇ. ಮುಂದಿನ ಸಾಲಿನಲ್ಲಿ ಕೂತು ಅಪ್ಪನೂ ನಗುತ್ತಿದ್ದರು. ಏನು ಕೇಳಿಸಿ ನಗುತ್ತಿದ್ದರೋ, ಈಗ ಕೇಳುವ ಧೈರ್ಯ ನನಗಿಲ್ಲ.

ಅತ್ತೆಯ ಮಗಳೇ ನನ್ನನ್ನು ಕೊಯಮತ್ತೂರಿನ ಕಿವಿ ಡಾಕ್ಟರ ಬಳಿಗೆ ಎಳೆದುಕೊಂಡು ಹೋದಳು. ಅಲ್ಲಿ ಪರೀಕ್ಷೆ ಮಾಡುವವರು ತಮಿಳು ಮಾತಿನ ಒಬ್ಬ ಅಕ್ಕ. ಗಾಜಿನ ಕಿಟಕಿಯಿರುವ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೈಗೊಂದು ಸ್ವಿಚ್ಚು ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು, ಅಷ್ಟೇ. ಬಾಗಿಲು ಮುಚ್ಚಿತು. ಶಟ್‌ಡೌನ್ ದಿನದಲ್ಲೂ ಅಂಥ ಮೌನವನ್ನು ನಾನು ಕಂಡಿರಲಿಲ್ಲ. ನನ್ನ ಎದೆ ಬಡಿಯುವುದು ಕೇಳಿತು. ಒತ್ತಿದೆ.

ಹೆಡ್‌ಫೋನಿನಲ್ಲಿ ಅಕ್ಕನ ದನಿ ಬಂತು: "ತಂಬಿ, ನಾನ್ ಇನ್ನುಂ ಸೌಂಡೇ ಕುಡುಕ್ಕಲ." ಸದ್ದನ್ನೇ ಕೊಡದೆ ನಾನು ಒತ್ತಿದ್ದೆ. ಗಾಜಿನಾಚೆ ಅತ್ತೆಯ ಮಗಳು ಹಣೆ ಚಚ್ಚಿಕೊಂಡಳು.

ಬಲಗಿವಿ ಸಲೀಸಾಗಿ ಮುಗಿಯಿತು. ಎಡಗಿವಿಗೆ ಮೊದಲು ಎಮ್ಮೆಯ ಗುರುಗುರಿನಂಥ ದಪ್ಪ ಸದ್ದುಗಳು ಬಂದವು, ಒತ್ತಿದೆ. ಆಮೇಲೆ ಏನೂ ಬರಲಿಲ್ಲ. ನನ್ನನ್ನು ಪಕ್ಕಕ್ಕೆ ತಿರುಗಿಸಿ ಕೂರಿಸಿದ್ದರೂ ಎದುರಿನ ಉಕ್ಕಿನ ಕಪಾಟಿನಲ್ಲಿ ಅಕ್ಕನ ಪ್ರತಿಬಿಂಬ ಕಾಣುತ್ತಿತ್ತು. ಅವರ ಬೆರಳು ಒತ್ತುತ್ತಿತ್ತು. ಬಿಟ್ಟು ಮತ್ತೆ ಒತ್ತುತ್ತಿತ್ತು. ಅಷ್ಟು ಸದ್ದುಗಳು ನನ್ನ ಕಿವಿಯ ಬಾಗಿಲಿಗೆ ಬಂದು ನಿಂತು ಹೋಗುತ್ತಿದ್ದವು. ಅವರ ಬೆರಳಿನ ಜೊತೆ ನನ್ನ ಬೆರಳನ್ನು ಆಡಿಸುವುದು ನನಗೆ ಎಷ್ಟರ ಕೆಲಸ? ಹುಟ್ಟಿದಾಗಿನಿಂದ ಮಾಡಿದ್ದೇ ಅದು. ಒಂದು ಸಲ ಒತ್ತಿಯೂ ಬಿಟ್ಟೆ. ಆಮೇಲೆ, ಗೆದ್ದರೆ ಕಿವಿ ಬರುತ್ತದೆಯೇ ಎಂದು ಹೊಳೆದು ಕಣ್ಣು ಮುಚ್ಚಿಕೊಂಡೆ. ಕಣ್ಣು ಮುಚ್ಚಿದ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಬೆರಳು ಅಲುಗಲಿಲ್ಲ.

ಸಣ್ಣ, ಮೊನಚು ಸದ್ದುಗಳು ಎಡಗಿವಿಯಿಂದ ಹೋಗಿವೆ, ಹೋದದ್ದು ಬರುವುದಿಲ್ಲ ಎಂದು ಆ ಅಕ್ಕನೇ ಹೇಳಿದರು. ಬಲಗಿವಿಯಲ್ಲೂ ಅಂಚು ಸವೆಯತೊಡಗಿದೆ, ಲೋಟದ ಟಿಣ್ಣಿನಂಥ ತೀರಾ ಸಣ್ಣವು ಅದಕ್ಕೂ ಕೇಳಿಸುವುದಿಲ್ಲ, ಷೆಡ್ಡಿನಲ್ಲಿ ಎರಡೂ ಕಿವಿ ಮುಚ್ಚಿಕೊಂಡೇ ನಿಲ್ಲಬೇಕು ಎಂದರು. ಸಣ್ಣ ಸದ್ದುಗಳೆಂದರೆ ಯಾವುವು ಎಂದು ಕೇಳಿದೆ. ಹಕ್ಕಿ, ಗೆಜ್ಜೆ, ಮಾತಿನ ಅಂಚುಗಳು ಎಂದರು.

ಮನೆಗೆ ಬಂದು ಅಮ್ಮನಿಗೆ ಇದನ್ನು ನೇರವಾಗಿ ಹೇಳುವ ಎದೆ ನನಗಿರಲಿಲ್ಲ. ಆ ಅಕ್ಕನ ದನಿಯಲ್ಲೇ ಹೇಳಿದೆ. ಕುರ್ಚಿಯ ಮೇಲೆ ಕೂತು, ತಲೆ ವಾಲಿಸಿ, "ತಂಬಿ" ಎಂದು ಎಳೆದು ಎಲ್ಲವನ್ನೂ ಒಪ್ಪಿಸಿದೆ. ಅಮ್ಮ ನಕ್ಕರು, ಆಮೇಲೆ ಅತ್ತರು. ಅಪ್ಪ ನಕ್ಕರು. ಅತ್ತೆಯ ಮಗಳು ಮಾತ್ರ ನೆಲ ನೋಡುತ್ತಿದ್ದಳು. ಆಮೇಲೆ ಹಿತ್ತಿಲಿಗೆ ಬಂದು, ನನ್ನ ಬಲಕ್ಕೆ ನಿಂತುಕೊಂಡಳು.

"ಅವ್ರ್ ಅಂಗೆ ಮಾತಾಡ್ಲಿಲ್ಲ ಡಾ."

"ಮತ್ತೆಂಗೆ?"

"ಒಂದೊಂದು ಮಾತಿನ್ ಕೊನೇಲೂ ಸಣ್ಣಗೆ ಸಿಳ್ಳೆ ಥರ ಬರ್ತಿತ್ತು. ಹಲ್ ಸಂದಿಯಿಂದ. ಅದ್ ಬಿಟ್ರೆ ಅವ್ರೇ ಅಲ್ಲ ಅದು. ನೀನ್ ಅದ್ನ ಬಿಟ್ಬುಟ್ಟೆ."

ಅವಳು ಆಡಿಕೊಳ್ಳುತ್ತಿರಲಿಲ್ಲ. ಆಡಿಕೊಂಡಿದ್ದರೆ ಚೆನ್ನಾಗಿತ್ತು. ಇಷ್ಟು ದಿನ ಯಾರ ಯಾರ ದನಿಯಿಂದ ಏನೇನು ಬಿಟ್ಟು ಮೈಕಿನಲ್ಲಿ ಮಾಡಿದ್ದೆನೋ, ಜನ ಯಾವಾಗಿನಿಂದ ನನ್ನ ಮೇಲಿನ ಮರುಕಕ್ಕೆ ನಗುತ್ತಿದ್ದರೋ ಎಂದು ಒಂದೊಂದೇ ಮದುವೆಯನ್ನು ನೆನೆದು ಎಣಿಸತೊಡಗಿದೆ.

"ನೀನ್ ಮಾಡಿ ತೋರ್ಸು," ಎಂದೆ.

"ನಂಗೆಲ್ಲಿ ಬರುತ್ತೆ?"

"ಬಂದಂಗೆ ಮಾಡು."

ಅವಳು ನಾಚಿಕೊಂಡು, ಸುತ್ತ ನೋಡಿ, "ತಂಬಿ" ಎಂದಳು. ನಾನು ಅವಳ ಹಲ್ಲಿನ ಸಂದಿಯನ್ನೇ ನೋಡುತ್ತಿದ್ದೆ. ತುಟಿ ಬಿಗಿಯಾಯಿತು, ನಾಲಿಗೆ ಹಲ್ಲಿಗೆ ತಾಗಿತು, ಗಾಳಿ ಬಂದಂತೆ ಕಂಡಿತು.

"ಬಂತಾ?" ಎಂದಳು.

"ಇನ್ನೊಂದ್ ಸಲ," ಎಂದೆ.