ರೊಟ್ಟಿ ಹಂಚಿನ ಮೇಲಿನ ಹಳದಿ ಪುಡಿ

ಬೈಲಹೊಂಗಲದ ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಕಲಿಸುತ್ತೇನೆ. ಪ್ಲಾಟಿನಮ್ ಒಂಟಿ ಆಮ್ಲಕ್ಕೆ ಜಗ್ಗುವುದಿಲ್ಲ, ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಕೂಡಿದರೆ ಕರಗುತ್ತದೆ ಎಂದು ವರ್ಷವರ್ಷವೂ ಹೇಳಿದ್ದೇನೆ. ಆ ಮಾತಿನ ನಾತ ಎಂಥದ್ದೆಂದು ತಿಳಿದದ್ದು ಮಾತ್ರ ಕಿತ್ತೂರಿನ ದೊಡ್ಡವ್ವನ ಮನೆಯಲ್ಲಿ.

ಅವಳಿಗೆ ಆರಾಮಿಲ್ಲವೆಂದು ನೋಡಲು ಹೋಗಿದ್ದೆ. ಕಣ್ಣು ಕೆಂಪಾಗಿದ್ದವು. ಕೆರೆದು ಕೆರೆದು ಮೊಣಕೈತನಕ ಚರ್ಮ ಸುಲಿದು ಕೀವು ಒಸರುತ್ತಿತ್ತು. ನಾಲ್ಕು ಮಾತಾಡಿದರೆ ಎದೆ ಸುಂಯ್‌ಗುಟ್ಟುತ್ತಿತ್ತು.

"ಜ್ವಾಳದ ಧೂಳು ಆಗಿ ಬರವಲ್ದವ್ವಾ," ಎಂದಳು.

ಹಿತ್ತಲಿನಿಂದ ಮೂಗು ಸುಡುವ ವಾಸನೆ ಬಂತು. ಎದ್ದುಹೋದೆ. ಅವಳ ಮಗನಿಗೆ, ಅಂದರೆ ನನ್ನ ಅಣ್ಣನಿಗೆ, ಹೈವೇ ಬದಿಯಲ್ಲಿ ಗುಜರಿ ಅಂಗಡಿಯಿದೆ. ಹಳೆಯ ಕಾರುಗಳ ಸೈಲೆನ್ಸರಿನೊಳಗಿಂದ ತೆಗೆದ, ಪ್ಲಾಟಿನಮ್ ಲೇಪವಿರುವ ಜೇನುಗೂಡಿನಂಥ ತುಂಡುಗಳನ್ನು ಕುಟ್ಟಿ ಆಮ್ಲದಲ್ಲಿ ಕುದಿಸುತ್ತಿದ್ದ. ಕಂದು ಹೊಗೆ ಸುರುಳಿಯಾಗಿ ಏಳುತ್ತಿತ್ತು. ಸೋಸಿಟ್ಟ ಕೇಸರಿಗೆಂಪು ನೀರು ಪಕ್ಕದ ಜಾಡಿಯಲ್ಲಿತ್ತು.

"ನೀ ಓದಿದಾಕಿ, ನೋಡಿಲ್ಲೆ," ಎನ್ನುತ್ತ ಅದಕ್ಕೆ ನವಸಾಗರ ಕರಗಿಸಿದ ನೀರು ಹೊಯ್ದ. ಹಳದಿ ಪುಡಿ ತಳಕ್ಕಿಳಿಯಿತು. "ಇದನ್ನ ಕೆಂಪಗ ಕಾಸಿದರ ಪ್ಲಾಟಿನಮ್ ಉಳೀತೈತಿ. ಮೊಬೈಲ್‌ನಾಗ ನೋಡಿ ಕಲ್ತೇನಿ."

ಮೇಲಿನ ತಿಳಿನೀರನ್ನು ಬಚ್ಚಲ ಕಾಲುವೆಗೇ ಚೆಲ್ಲಿದ. ಕಲ್ಲು ಬುಸುಗುಟ್ಟಿ ನೊರೆಯೆದ್ದಿತು. ಕಾಲುವೆಯಂಚಿನ ಕರಿಬೇವಿನ ಗಿಡ ಆಗಲೇ ಸುಟ್ಟು ಕರ್ರಗಾಗಿತ್ತು.

"ಈ ಪುಡಿ ಎಲ್ಲೆ ಒಣಗಸ್ತಿ?"

"ಒಳಗ, ಒಲಿ ಮ್ಯಾಲ."

ಅಡುಗೆಮನೆಗೆ ಹೋಗಿ ನೋಡಿದೆ. ರೊಟ್ಟಿ ಹಂಚಿನ ಅಂಚಿಗೆ ಹಳದಿ ಪುಡಿ ಮೆತ್ತಿತ್ತು, ನಡುವೆ ಬೆಳಗಿನ ಜೋಳದ ಹಿಟ್ಟು. ಅದರ ಮೇಲೆ ಬೇಯಿಸಿದ ರೊಟ್ಟಿಯನ್ನು ದೊಡ್ಡವ್ವ ನನಗೆಂದೇ ಮುಚ್ಚಿಟ್ಟಿದ್ದಳು.  ಹಿತ್ತಲಿಗೋಡಿ ವಾಂತಿ ಮಾಡಿಕೊಂಡು, ಅಣ್ಣನಿಗೆ ಹೇಳಿದೆ:

"ಈ ಪುಡಿ ಉಸರಿನಾಗ ಹೋದ್ರ ಉಬ್ಬಸ ಹಿಡೀತೈತಿ, ಮೈ ಕೆರೀತೈತಿ. ನಿನ್ನ ಅಂಗಿ ಯಾರು ಒಗೀತಾರ?"

"ಅವ್ವ."

"ಆಕಿ ಕೈ ನೋಡಿಯೇನು?"

ಅವನು ನಕ್ಕ. "ವಯಸ್ಸಾತು. ಏನರ ಒಂದು ಇರೂದ."

 ಆವತ್ತೇ ದೊಡ್ಡವ್ವನನ್ನು ನನ್ನ ಮನೆಗೆ ಕರೆತರಲು ಬಸ್ಸಿಗೆ ಹತ್ತಿಸಿದೆ. "ಮಗನ ಊಟಕ್ಕ ಹೆಂಗವ್ವಾ?" ಎಂದು ದಾರಿಯುದ್ದಕ್ಕೂ ಕೊರಗಿದಳು. ಬೈಲಹೊಂಗಲದ ಡಾಕ್ಟರು ಔಷಧಿ ಕೊಟ್ಟು, ಆ ಮನೆಗೆ ಮತ್ತೆ ಕಳಿಸಬೇಡಿರೆಂದರು. ಬರಬರುತ್ತ ಕೈಗೆ ಹೊಸ ಚರ್ಮ ಬಂತು, ಉಸಿರು ಸಡಿಲಾಯಿತು.

ಅಣ್ಣ ಕರೆದೊಯ್ಯಲು ಬಂದ. ಅಂಗಿಯ ತೋಳಿನ ಮೇಲೆ ಅದೇ ಹಳದಿ ಕಲೆ. ಹತ್ತಿರ ಕೂರುತ್ತಲೇ ದೊಡ್ಡವ್ವನಿಗೆ ಸೀನು ಹತ್ತಿತು. ಸೆರಗಿನಿಂದ ಮೂಗು ಮುಚ್ಚಿಕೊಂಡು, "ಹೊರಗ ಕುಂಡ್ರಪಾ," ಎಂದಳು. ಅವನು ಸಿಡುಕಿ ಹೊರಟುಹೋದ.

ಮರುದಿನ ನಾನೇ ಹೋಗಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅವನ ಮೇಲೆ ದೂರು ಕೊಟ್ಟೆ. ಅಧಿಕಾರಿಗಳು ಬಂದು ಜಾಡಿಗಳನ್ನು ಒಯ್ದರು. ಸುದ್ದಿ ದೊಡ್ಡವ್ವನಿಗೂ ಮುಟ್ಟಿತು.

"ನೀನ ಹೇಳಿದೇನು?"

"ಹೂಂ, ದೊಡ್ಡವ್ವಾ."

"ಚಲೋ ಮಾಡಿದಿ," ಎಂದವಳು ಗೋಡೆಯತ್ತ ಹೊರಳಿ ಮಲಗಿ, ಬಹಳ ಹೊತ್ತು ಅತ್ತಳು.