ಬಾಡದ ರೇಡಿಯೋ ಪೆಟ್ಟಿಗೆ

ಕುಮಟೆ ಬಳಿಯ ಬಾಡದಲ್ಲಿ ೧೯೬೨ರ ಮಳೆಗಾಲಕ್ಕೆ ಪಂಚಾಯತಿ ರೇಡಿಯೋ ಕೆಟ್ಟದ್ದು ಜವಾನ ಜಟ್ಟಿ ಅದರ ಗುಂಡಿ ತಿರುವಿ ಆಟವಾಡಿದ್ದರಿಂದ ಎಂಬ ಮಾತು ಶುದ್ಧ ಸುಳ್ಳು. ಕೈಯನ್ನು ಹೆಗಲ ಪಂಜಿಗೆ ಒರೆಸಿಕೊಳ್ಳದೆ ಅವನು ಅದನ್ನು ಮುಟ್ಟಿದವನಲ್ಲ.

ರೇಡಿಯೋ ಇದ್ದದ್ದು ಕಚೇರಿಯ ಹೊರಗೋಡೆಗೆ ಬಿಗಿದ ಹಲಸಿನ ಪೆಟ್ಟಿಗೆಯಲ್ಲಿ. ಅದರ ಕೀಲಿಕೈ ಜಟ್ಟಿಯ ಉಡಿದಾರದಲ್ಲಿ. ಸಂಜೆ ಅವನು ಬಾಗಿಲು ತೆರೆದರೆ ದೋಣಿಯವರು ಹವಾಮಾನ ಕೇಳಲು ನೆರೆಯುತ್ತಿದ್ದರು. ಆ ವರ್ಷ ಮಳೆ ಹಿಡಿದ ಮೇಲೆ ಅದು ಮತ್ತೆಮತ್ತೆ ಗೊರಗುಟ್ಟಿ ಮೂಕವಾಗತೊಡಗಿತು. ಒಳಗೆ ನೀರು ಹೊಕ್ಕಿದೆಯೆಂದು ಹೇಳಿ, ಒಣಗಿಸಿ ಕೊಟ್ಟು, ರಿಪೇರಿಯವನು ಹೊರಟುಹೋದ.

ಅಧ್ಯಕ್ಷ ಮಹಾಬಲ ಹೆಗಡೆಯವರು ಕಟ್ಟೆಯ ಮೇಲೆ ಎಲ್ಲರೆದುರಿಗೇ ಹೇಳಿದರು: "ಇನ್ನೊಂದ್ಸಲ ರೇಡಿಯೋ ಬಾಯಿ ಕಟ್ಟಿದ್ರೆ ಕೀಲಿಕೈ ಚಾದಂಗಡಿ ಈರಂಗೆ."

"ಆತು, ಒಡೆಯಾ."

ಅಂದೇ ಜಟ್ಟಿ ದೋಣಿಯ ಸಂದಿ ಮುಚ್ಚುವಂತೆ ಪೆಟ್ಟಿಗೆಯ ಸಂದುಸಂದಿಗೆ ತೆಂಗಿನ ನಾರು ತುರುಕಿ ರಾಳ ಮೆತ್ತಿದ. ಆದರೂ ನಿಂತಲ್ಲಿ ನಿಲ್ಲಲಾರ; ಗಳಿಗೆಗೊಮ್ಮೆ ಹೋಗಿ ತಡವುವನು.

"ಬಸುರಿ ಹೊಟ್ಟೆ ಸವರ್ದಂಗೆ ಎಂತ ಸವರ್ತೆ ಮಾರಾಯಾ?" ಎಂದು ಈರ ಚುಚ್ಚಿದ.

ಮರುದಿನ ಬೆಳಗ್ಗೆ ತೆರೆದರೆ ಪೆಟ್ಟಿಗೆಯ ಒಳಮೈಯೆಲ್ಲ ಹನಿ. ಹೊರಗೆ ರಾಳ ಎಲ್ಲಿಯೂ ಬಿರಿದಿರಲಿಲ್ಲ. ಜಟ್ಟಿ ಓಡಿಹೋಗಿ ಹೆಂಡತಿ ಮಾಸ್ತಮ್ಮನನ್ನು ಕರೆತಂದ.

"ಎಲ್ಲಿಂದ ಬಂತೇ ಇದು?"

"ಗಂಜಿ ಮುಚ್ಚಳದ ಅಡಿಗೆ ಹನಿ ಕೂಡ್ತದಲ್ಲ, ಅದೆಂತ ಮಳೆ ನೀರಾ? ಸಂಜಿಗೆ ರೇಡಿಯೋ ಬಿಸಿ ಆತದೆ, ನೀವು ಮುಚ್ತ್ರಿ, ರಾತ್ರಿ ತಂಪಾತದೆ. ನಿಮ್ಮ ರಾಳ ಭಾರಿ ಗಟ್ಟಿ. ಒಳಗಿನ ನೀರು ಹೊರಗೇ ಬರೂದಿಲ್ಲ."

ರೇಡಿಯೋವನ್ನು ಅವಳ ಒಲೆಯ ಬಳಿ ಒಣಗಲು ಇಟ್ಟು, ಜಟ್ಟಿ ಬೈರಿಗೆ ತಂದು ಪೆಟ್ಟಿಗೆಯ ತಳಕ್ಕೆ ತೂತು ಕೊರೆಯತೊಡಗಿದ. ಅಷ್ಟರಲ್ಲಿ ಹೆಗಡೆಯವರು ಬಂದರು.

"ತಲೆ ಸಮ ಇದ್ಯಾ ನಿಂಗೆ? ಕೊಡು ಕೀಲಿಕೈ."

ಜಟ್ಟಿ ಉಡಿದಾರದ ಒದ್ದೆ ಗಂಟಿಗೆ ಕೈಹಾಕಿದ. "ಗಾಳಿ ಆಡೂಕೆ ತೂತು, ಒಡೆಯಾ. ಸಂಜಿ ಹವಾಮಾನ ಕೇಳಿ ತಕಳ್ಳಿ."

ಹೆಗಡೆಯವರು ಅಷ್ಟಕ್ಕೆ ಒಪ್ಪಿದರು; ಸಂಜೆ ಅವರೆದುರಿಗೆ ಜಟ್ಟಿ ಒಣಗಿದ ರೇಡಿಯೋವನ್ನು ಪೆಟ್ಟಿಗೆಯಲ್ಲಿಟ್ಟು ಗುಂಡಿ ತಿರುಗಿಸಿದ. ಗೊರಗೊರ. ಮೌನ. ಈರ ಕೆಮ್ಮಿದ. ಆಮೇಲೆ ಸ್ಪಷ್ಟವಾದ ದನಿ: ಕರಾವಳಿಯಲ್ಲಿ ಬಿರುಗಾಳಿ, ದೋಣಿಗಳು ಕಡಲಿಗಿಳಿಯಬಾರದು. ದೋಣಿಯವರು ಬಲೆ ಎಳೆದಿಡಲು ಎದ್ದರು.

ಹೆಗಡೆಯವರು ಕೊಡೆ ಬಿಚ್ಚಿ ನಡೆದರು. ಕೀಲಿಕೈಯನ್ನು ಕೇಳಲಿಲ್ಲ, ಎಲ್ಲರೆದುರು ಆಡಿದ ಮಾತನ್ನು ಎಲ್ಲರೆದುರು ಹಿಂದಕ್ಕೆ ಪಡೆಯಲೂ ಇಲ್ಲ. ಆ ಮಳೆಗಾಲ ರೇಡಿಯೋ ಮತ್ತೆ ಮೂಕವಾಗಲಿಲ್ಲ. ಜಟ್ಟಿ ಮಾತ್ರ ದಿನಾ ಬೆಳಗಾದರೆ ಆ ತೂತುಗಳಿಗೆ ಬೆರಳಿಟ್ಟು, ಒಣಗಿದೆಯೇ ಎಂದು ನೋಡುವುದನ್ನು ಬಿಡಲಿಲ್ಲ.